ನಾಲ್ಕು ಹಸುಗಳ ಕೊಟ್ಟಿಗೆಗೆ ಯಾವುದು ಸರಿ: ಯೂರಿಯಾ ಉಪಚರಿಸಿದ ಹುಲ್ಲೋ, ರಸಮೇವೋ, ಬರಿಯ ಕತ್ತರಿಸಿದ ಹುಲ್ಲೋ?

ಪಾಂಡವಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಕರೆಯುವ ಮಿಶ್ರತಳಿ ಹಸುಗಳು ನಾಲ್ಕು, ಕರುಗಳು ಎರಡು ಇವೆ. ನಾಲೆಯ ನೀರಿನಲ್ಲಿ ಎರಡು ಎಕರೆ ಭತ್ತ ಬೆಳೆಯುತ್ತೇವೆ. ಅದರ ಹುಲ್ಲು ಸಾಲದೆ ಬಂದಾಗ ಪಕ್ಕದ ಗದ್ದೆಯವರಿಂದ ಕೊಳ್ಳುತ್ತೇವೆ. ಸಾಮಾನ್ಯ ವರ್ಷಗಳಲ್ಲಿ ಹುಲ್ಲು ಸಿಗುವುದು ಕಷ್ಟವಲ್ಲ, ಅದರಲ್ಲಿ ಸತ್ವವಿಲ್ಲದಿರುವುದೇ ಕಷ್ಟ. ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನು (ಸಾರಜನಕದ ಅಳತೆಯಿಂದ ಲೆಕ್ಕ ಹಾಕುವ ಒಟ್ಟು ಪ್ರೋಟೀನು) ನೂರಕ್ಕೆ 3ರಿಂದ 4ರಷ್ಟು ಮಾತ್ರ. ಹೊಟ್ಟೆ ತುಂಬಿದರೂ ಹಾಲಿಗೆ ಬೇಕಾದುದು ಅದರಿಂದ ಸಿಗದೆ, ಆ ಕೊರತೆಯನ್ನೆಲ್ಲ ಹಿಂಡಿ ಬೂಸಾದ ಚೀಲಗಳಿಂದಲೇ ತುಂಬಬೇಕಾಗುತ್ತದೆ. ಹೀಗಾಗಿ ಎರಡು ವರ್ಷಗಳಲ್ಲಿ ನಾವು ಮೂರು ದಾರಿಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಿ ನೋಡಿದೆವು. ಇವುಗಳಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಉಳಿದುಕೊಂಡದ್ದು ಯೂರಿಯಾ ಉಪಚಾರವೇ (ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಹದಮಾಡುವುದು) ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಕೈಸುಟ್ಟುಕೊಂಡದ್ದು ರಸಮೇವಿನಲ್ಲಿ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ಬಳಿಕ, ನಮ್ಮ ಭಾಗದಲ್ಲಿ ಬೇಸಿಗೆಯ ಭತ್ತವೇ ಇಲ್ಲದೆ ಹುಲ್ಲಿನ ಮೆದೆಗಳು ಬೇಗ ಕರಗಿದವು. ಆಗ ಬೇಬಿಕಾರ್ನ್ ತೆನೆ ಮುರಿದ ಮೇಲೆ ಉಳಿಯುವ ಹಸಿರು ದಂಟನ್ನು ಕೊಚ್ಚಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿ ತಯಾರಿಸಿದ ರಸಮೇವಿನ ಉಂಡೆಗಳನ್ನು ವ್ಯಾಪಾರಿಯೊಬ್ಬರು ಊರಿಗೇ ತಂದು ಮಾರಿದರು. ಒಂದೊಂದು ಉಂಡೆ ಸುಮಾರು 400 ಕೆ.ಜಿ. ತೂಗುತ್ತಿತ್ತು, ಕೆ.ಜಿ.ಗೆ 8 ರೂಪಾಯಿಯಂತೆ ಎರಡು ಉಂಡೆ ಇಳಿಸಿಕೊಂಡೆವು. ಮೇವು ಒಳ್ಳೆಯದಾಗಿಯೇ ಇತ್ತು: ಹಳದಿ ಮಿಶ್ರಿತ ಹಸಿರು ಬಣ್ಣ, ಹದವಾದ ಹುಳಿವಾಸನೆ. ಹಸುಗಳು ಮೊದಲ ದಿನವೇ ಗೋದಲಿಯನ್ನು ನೆಕ್ಕಿ ಬರಿದು ಮಾಡಿದವು.

ತೊಂದರೆ ಶುರುವಾದದ್ದು ಐದನೆಯ ದಿನ. ರಸಮೇವು ಕೆಡದೆ ಉಳಿಯುವುದು ಗಾಳಿ ಇಲ್ಲದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ದಂಟಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದರಿಂದ. ಪ್ಲಾಸ್ಟಿಕ್ ಬಿಚ್ಚಿದ ಕ್ಷಣದಿಂದ ಗಾಳಿ ಒಳಹೊಕ್ಕು, ಯೀಸ್ಟು ಮತ್ತು ಬೂಷ್ಟು ಆ ಆಮ್ಲವನ್ನೇ ತಿನ್ನಲು ತೊಡಗುತ್ತವೆ. ಆದ್ದರಿಂದ ತೆರೆದ ಮುಖವನ್ನು ದಿನವೂ ಸಾಕಷ್ಟು ಆಳಕ್ಕೆ ತೆಗೆದು ಮುಗಿಸುತ್ತಾ ಹೋಗಬೇಕು. ನಮ್ಮ ನಾಲ್ಕು ಹಸುಗಳಿಗೆ ತಲೆಗೆ 10 ಕೆ.ಜಿ. ಹಾಕಿದರೂ ದಿನಕ್ಕೆ 40 ಕೆ.ಜಿ. ಮಾತ್ರ, ಅಂದರೆ ಒಂದು ಉಂಡೆಗೆ ಹತ್ತು ದಿನ. ಏಪ್ರಿಲ್ ತಿಂಗಳ ಬಿಸಿಲಿಗೆ ಉಂಡೆ ಅಷ್ಟು ದಿನ ತಡೆಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಕೈಯಿಟ್ಟಾಗ ಒಳಗೆ ಬೆಚ್ಚಗಾಗಿತ್ತು, ಏಳನೆಯ ದಿನ ಅಂಚಿನಲ್ಲಿ ಬಿಳಿ ಬೂಷ್ಟು ಹತ್ತಿಯಂತೆ ಹಬ್ಬಿತ್ತು. ಮೇಲಿನದನ್ನು ಕಿತ್ತೆಸೆದು ಉಳಿದುದನ್ನು ಹಾಕಿದ್ದು ನನ್ನ ತಪ್ಪು. ಗೌರಿ ಎಂಬ ನಮ್ಮ ಹಿರಿಯ ಹಸು ಮರುದಿನ ಮೇವು ಬಿಟ್ಟಿತು, ನೀರುನೀರಾಗಿ ಸಗಣಿ ಹಾಕಿತು, 9 ಲೀಟರ್ ಕೊಡುತ್ತಿದ್ದುದು 6ಕ್ಕೆ ಇಳಿಯಿತು. ನೋಡಲು ಬಂದ ಪಶುವೈದ್ಯರು, ಬೂಷ್ಟಿನ ವಿಷ ಕಣ್ಣಿಗೆ ಕಾಣುವ ಬಿಳಿ ಪದರದಾಚೆಗೂ ಇರುತ್ತದೆ, ಮೇಲಿನದನ್ನು ತೆಗೆದುಬಿಟ್ಟರೆ ಉಳಿದದ್ದು ಶುದ್ಧವಾಯಿತೆಂದು ತಿಳಿಯಬಾರದು ಎಂದರು. ಗೌರಿ ಚೇತರಿಸಿಕೊಳ್ಳಲು ಎಂಟು ದಿನ ಹಿಡಿಯಿತು. ಉಂಡೆಯಲ್ಲಿ ಮೂರನೇ ಒಂದು ಭಾಗ ತಿಪ್ಪೆ ಸೇರಿತು.

ಎರಡನೆಯ ಉಂಡೆಯನ್ನು ಬಿಚ್ಚಿದ ದಿನವೇ ಅರ್ಧವನ್ನು ನೆರೆಮನೆಯವರಿಗೆ ಕೊಟ್ಟು ಪಾರಾದೆವು. ಬಳಿಕ 50 ಕೆ.ಜಿ. ಚೀಲಗಳನ್ನು ತಂದು ನೋಡಿದೆವು. ಒಂದು ಚೀಲ ಒಂದೂವರೆ ದಿನದೊಳಗೆ ಮುಗಿಯುವುದರಿಂದ ಬಿಚ್ಚಿದ ಮೇಲೆ ಕೆಡುವ ಭಯವಿಲ್ಲ, ಆದರೆ ಕೊಟ್ಟಿಗೆಯ ಅಟ್ಟದಲ್ಲಿ ಇಲಿಗಳಿವೆ. ಬೆರಳು ತೂರುವಷ್ಟು ಒಂದು ತೂತು ಬಿದ್ದರೆ ಸಾಕು, ಅದರ ಸುತ್ತ ಅಗಲವಾಗಿ ಕಪ್ಪು ಬೂಷ್ಟು ಕಟ್ಟಿಕೊಂಡಿರುತ್ತದೆ. ಇದಲ್ಲದೆ ಲೆಕ್ಕವನ್ನೂ ನೋಡಬೇಕು: ರಸಮೇವಿನ ತೂಕದಲ್ಲಿ ನೂರಕ್ಕೆ 65ರಿಂದ 70 ಭಾಗ ನೀರೇ ಇರುವುದರಿಂದ, 8 ರೂಪಾಯಿಯ ಮೇವು ಒಣ ಅಂಶದ ಲೆಕ್ಕಕ್ಕೆ ಕೆ.ಜಿ.ಗೆ 25 ರೂಪಾಯಿಯ ಹತ್ತಿರಕ್ಕೆ ಬೀಳುತ್ತದೆ. ಹತ್ತು ಹದಿನೈದು ಹಸು ಕಟ್ಟಿದವರಿಗೆ, ಸ್ವಂತ ಜೋಳದ ದಂಟನ್ನು ಗುಂಡಿಯಲ್ಲಿ ತುಂಬುವವರಿಗೆ ರಸಮೇವು ಬಹಳ ಒಳ್ಳೆಯದು. ನಾಲ್ಕು ಹಸುಗಳ ಮನೆಗೆ ಅದು ಹೊಂದಲಿಲ್ಲ.

ಬರಿಯ ಕತ್ತರಿಸಿದ ಹುಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇವು ಕತ್ತರಿಸುವ ಯಂತ್ರದಿಂದ ಹುಲ್ಲು ಚೆಲ್ಲಾಡುವುದು ನಿಂತಿತು, ಸತ್ವ ಹೆಚ್ಚಲಿಲ್ಲ.

ಯೂರಿಯಾ ಉಪಚಾರದ ಕ್ರಮ ಹೀಗೆ: 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಒಂದೇ ಸಮನಾಗಿ ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಗಾಳಿಯಾಡದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಮಣ್ಣು ಹೇರಿ 21 ದಿನ ಬಿಡಬೇಕು. ಒಳಗೆ ಯೂರಿಯಾ ಅಮೋನಿಯಾ ಆಗಿ ಬಿಡುಗಡೆಯಾಗಿ, ಹುಲ್ಲಿನ ಗಟ್ಟಿನಾರಿನ ಕಟ್ಟನ್ನು ಸಡಿಲಿಸುತ್ತದೆ. ಅದರ ಸಾರಜನಕದ ಒಂದು ಭಾಗ ಹುಲ್ಲಿನಲ್ಲೇ ಉಳಿದು ಕಚ್ಚಾ ಪ್ರೋಟೀನು ನೂರಕ್ಕೆ 7ರಿಂದ 8ಕ್ಕೆ ಏರುತ್ತದೆ. ರಸಮೇವಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಮನದಟ್ಟಾದದ್ದು ಇಲ್ಲಿ: ಉಪಚರಿಸಿದ ಹುಲ್ಲಿನಲ್ಲಿ ಉಳಿದಿರುವ ಅಮೋನಿಯಾವೇ ಬೂಷ್ಟನ್ನು ತಡೆಯುವುದರಿಂದ, ಮೆದೆ ತೆರೆದ ಮೇಲೂ ದಿನಕ್ಕೆ ಬೇಕಾದಷ್ಟನ್ನೇ ಎಳೆದು, ಹಾಳೆಯನ್ನು ಮತ್ತೆ ಮುಚ್ಚಿದರೆ ಮೂರು ವಾರ ಏನೂ ಆಗುವುದಿಲ್ಲ. ಹಾಳೆ ಹರಿದು ಅಮೋನಿಯಾ ಹಾರಿಹೋದರೆ ಮಾತ್ರ ಇದೂ ಕೆಡುತ್ತದೆ.

ಮೊದಲ ಮೆದೆಯನ್ನು ಬಿಚ್ಚಿದಾಗ ಮಾಸಲು ಹಳದಿಯ ಹುಲ್ಲು ಕಂದು ಬಂಗಾರದ ಬಣ್ಣಕ್ಕೆ ತಿರುಗಿ, ಹಿಡಿದರೆ ಮುರಿಯದೆ ಬಾಗುವಷ್ಟು ಮೆದುವಾಗಿತ್ತು. ಅಮೋನಿಯಾ ಘಾಟಿಗೆ ನಮ್ಮ ಕಣ್ಣಲ್ಲಿ ನೀರು ಬಂತು. ಗೌರಿ ಮೂಸಿ ನೋಡಿ ಮುಸುಡಿ ತಿರುಗಿಸಿದಳು. ಹಿಂದಿನ ಸಂಜೆಯೇ ಎಳೆದು ಹರಡಿ ಘಾಟು ಹೋಗುವಂತೆ ಮಾಡಿ, ಮೊದಲ ಕೆಲವು ದಿನ ಕಾಲುಭಾಗವನ್ನು ಮಾಮೂಲಿ ಹುಲ್ಲಿನೊಂದಿಗೆ ಬೆರೆಸಿ ಕೊಟ್ಟ ಮೇಲೆ, ಹತ್ತನೆಯ ದಿನಕ್ಕೆ ನಾಲ್ಕೂ ಹಸುಗಳು ಬರಿಯ ಉಪಚರಿಸಿದ ಹುಲ್ಲನ್ನೇ ತಿನ್ನತೊಡಗಿದವು. ಗೋದಲಿಯಲ್ಲಿ ದಿನವೂ ಉಳಿಯುತ್ತಿದ್ದ ದಪ್ಪ ಬುಡದ ಕಡ್ಡಿಗಳು ಈಗ ಉಳಿಯುವುದಿಲ್ಲ. ತಲೆಗೆ ಒಂದು ಕೆ.ಜಿ. ಪಶು ಆಹಾರ ಕಡಿಮೆ ಮಾಡಿದೆವು. ಹಾಲು ಇಳಿಯಲಿಲ್ಲ, ಡೈರಿಯ ಫ್ಯಾಟೂ ಇಳಿಯಲಿಲ್ಲ.

ಖರ್ಚು ಅತಿ ಕಡಿಮೆ. 45 ಕೆ.ಜಿ. ಯೂರಿಯಾ ಚೀಲ ನಮಗೆ 270 ರೂಪಾಯಿಗೆ ಸಿಕ್ಕಿತು, ಆ ಲೆಕ್ಕದಲ್ಲಿ ಒಂದು ಕೆ.ಜಿ. ಹುಲ್ಲಿಗೆ ಬೀಳುವುದು ಕಾಲು ರೂಪಾಯಿ. ಹಾಳೆಯ ಬೆಲೆ ಬೇರೆ, ಅದು ಜೋಪಾನ ಮಾಡಿದರೆ ಮತ್ತೆ ಮತ್ತೆ ಬರುತ್ತದೆ.

ಆದರೂ ಎಚ್ಚರಿಕೆ ಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಬಾರದು. ಅವುಗಳ ಮೆಲುಕುಚೀಲ ಇನ್ನೂ ಬಲಿತಿರುವುದಿಲ್ಲ. ಯೂರಿಯಾ ನೀರಿನ ಬಕೆಟ್ಟು ಹಸುವಿನ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯವಾದ್ದರಿಂದ, ಉಪಚಾರ ಮಾಡುವ ದಿನ ದನಗಳನ್ನು ದೂರ ಕಟ್ಟಿ, ಬಕೆಟ್ಟುಗಳನ್ನು ತೊಳೆದು ಮಗುಚಿದ ಮೇಲೆಯೇ ಬಿಚ್ಚುತ್ತೇವೆ. ಹುಲ್ಲಿನ ಮೇಲೆ ಯೂರಿಯಾ ಚಿಮುಕಿಸಿ ಅಂದೇ ಹಾಕುವುದು ಉಪಚಾರವಲ್ಲ, ವಿಷವಿಕ್ಕಿದಂತೆ. ಭತ್ತದ ಹುಲ್ಲಿನ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಡುವ ಕಾರಣ ಖನಿಜ ಮಿಶ್ರಣವನ್ನು ನಿಲ್ಲಿಸಬಾರದು. ರಾಗಿ ಹುಲ್ಲು ಸಾಕಷ್ಟಿರುವ ಮನೆಗಳಿಗೆ ಇಷ್ಟು ಶ್ರಮದ ಅಗತ್ಯವೂ ಕಡಿಮೆ, ಏಕೆಂದರೆ ಅದು ಭತ್ತದ ಹುಲ್ಲಿಗಿಂತ ಮೊದಲೇ ಸತ್ವವುಳ್ಳದ್ದು.

ನಮ್ಮ ಅಳತೆ ಈಗ ಕೂಡಿಬಂದಿದೆ. ನಾಲ್ಕು ಹಸುಗಳಿಗೆ ತಲೆಗೆ 6 ಕೆ.ಜಿ.ಯಂತೆ ದಿನಕ್ಕೆ 24 ಕೆ.ಜಿ., 21 ದಿನಕ್ಕೆ 500 ಕೆ.ಜಿ. ಆಸುಪಾಸು ಹುಲ್ಲು ಬೇಕು. ಆದ್ದರಿಂದ 500 ಕೆ.ಜಿ.ಯ ಎರಡು ಮೆದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದನ್ನು ತೆರೆದ ದಿನವೇ ಇನ್ನೊಂದನ್ನು 20 ಕೆ.ಜಿ. ಯೂರಿಯಾ, 250 ಲೀಟರ್ ನೀರಿನಿಂದ ಉಪಚರಿಸಿ ಮುಚ್ಚುತ್ತೇವೆ. ಮೊದಲನೆಯದು ಮುಗಿಯುವ ಹೊತ್ತಿಗೆ ಎರಡನೆಯದು ಹದಕ್ಕೆ ಬಂದಿರುತ್ತದೆ.