ಹಳೆಯ ಡೀಸೆಲ್ ಎಸ್‌ಯುವಿಗೆ ಬ್ಲೂಟೂತ್ ಒಬಿಡಿ ಅಡಾಪ್ಟರ್: ಕೋಡ್ ಬಿಡಿ, ಅಂಕಿ ನೋಡಿ

ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಘಾಟಿಗೆ ಈಗ ಎರಡನೇ ಗೇರ್ ಬೇಕು. ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಗಾಡಿ ಒಂಬತ್ತಕ್ಕೆ ಇಳಿದಿದೆ. ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ ಹೋಗಿದೆ ಎನ್ನುತ್ತಾರೆ, ಇನ್ನೊಂದರಲ್ಲಿ ಟರ್ಬೊ ಎನ್ನುತ್ತಾರೆ. ಎರಡೂ ದೊಡ್ಡ ಖರ್ಚಿನ ಬಾಬ್ತು. ಅಷ್ಟು ದುಡ್ಡು ಬಿಚ್ಚುವ ಮೊದಲು ಸಾವಿರ ರೂಪಾಯಿಯೊಳಗೆ ಸಿಗುವ ಇಎಲ್‌ಎಂ327 ಚಿಪ್ಪಿನ ಒಬಿಡಿ ಅಡಾಪ್ಟರ್ ಹಾಕಿ ನೋಡುವುದು ಒಳ್ಳೆಯದು. ಒಬಿಡಿ ಎಂದರೆ ಗಾಡಿ ತನ್ನ ದೋಷ ತಾನೇ ಹೇಳುವ ವ್ಯವಸ್ಥೆ, ಅಡಾಪ್ಟರ್ ಅದನ್ನು ಫೋನಿಗೆ ಕಳಿಸುತ್ತದೆ. ಆದರೆ ಅದು ಯಾವ ಗಾಡಿಗೆ ಕೆಲಸ ಮಾಡುತ್ತದೆ, ಯಾವ ಅಂಕಿ ನೋಡಬೇಕು ಎಂಬುದು ಗೊತ್ತಿರಬೇಕು. ಇಲ್ಲದಿದ್ದರೆ ಅದು ಸ್ಟೀರಿಂಗ್ ಕೆಳಗೆ ಮಿನುಗುವ ಒಂದು ಲೈಟ್ ಅಷ್ಟೆ.

ಮೊದಲ ಪ್ರಶ್ನೆ, ಗಾಡಿ ಅಡಾಪ್ಟರಿನ ಜೊತೆ ಮಾತಾಡುತ್ತದೆಯೇ? ಅದು ಗಾಡಿ ಯಾವ ಬಿಎಸ್ (ಭಾರತ್ ಸ್ಟೇಜ್, ಹೊಗೆ ಮಾಲಿನ್ಯದ ಮಿತಿ) ದರ್ಜೆಯದು ಎಂಬುದರ ಮೇಲೆ ನಿಂತಿದೆ. ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್4 ಬಂದದ್ದು 2010ರ ಏಪ್ರಿಲ್‌ನಲ್ಲಿ, ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಅದೇ ಮಾಡೆಲ್ ಒಂದು ಊರಿನಲ್ಲಿ ಬಿಎಸ್4, ಇನ್ನೊಂದು ಊರಿನಲ್ಲಿ ಬಿಎಸ್3 ಆಗಿ ಮಾರಾಟವಾಗಿದೆ. ಬಿಎಸ್3 ಗಾಡಿಗೆ ಒಬಿಡಿ ಕಡ್ಡಾಯವಿರಲಿಲ್ಲ. ಹದಿನಾರು ಪಿನ್ನಿನ ಸಾಕೆಟ್ ಇದ್ದರೂ ಒಳಗಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಂಪನಿಯ ಸ್ವಂತ ಭಾಷೆಯಲ್ಲಷ್ಟೇ ಉತ್ತರಿಸಬಹುದು. ಅಂಥ ಗಾಡಿಗೆ ಈ ಅಡಾಪ್ಟರ್ ಕೊಂಡು ಪ್ರಯೋಜನವಿಲ್ಲ, ಕಂಪನಿಯ ಸ್ಕ್ಯಾನರ್ ಇರುವ ಕಡೆಗೇ ಒಯ್ಯಬೇಕು. 2013ರ ಏಪ್ರಿಲ್ ನಂತರದ ಬಿಎಸ್4 ಗಾಡಿಗಳಿಗೆ ಒಬಿಡಿ-2 ಕಡ್ಡಾಯವಾದ್ದರಿಂದ ಅವುಗಳಲ್ಲಿ ತೊಂದರೆ ಕಡಿಮೆ.

ಎರಡನೆಯದು, ಅಡಾಪ್ಟರಿನ ಗುಣಮಟ್ಟ. ಅಗ್ಗದವೆಲ್ಲ ನಕಲು ಚಿಪ್‌ನವೇ. ಮೇಲೆ 'ವಿ1.5' ಎಂದು ಬರೆದಿರುತ್ತದೆ, ಮೂಲ ಕಂಪನಿ ಆ ಆವೃತ್ತಿಯನ್ನು ತಂದದ್ದೇ ಇಲ್ಲ. 'ವಿ2.1' ಎಂದಿರುವ ಹಲವು ಇನ್ನೂ ಕಡೆ: ಹೊಸ ಗಾಡಿಗಳ ಕ್ಯಾನ್ ಎಂಬ ಸಂವಹನ ತಂತಿಯ ಜೊತೆ ಮಾತಾಡುತ್ತವೆ, ಹಳೆಯ ಗಾಡಿಗಳ ಕೆ-ಲೈನ್ ಎಂಬ ತಂತಿ ಬಂದ ಕೂಡಲೇ ಮೂಕ. ಕೆ-ಲೈನ್ ಇರುವುದು ಸಾಕೆಟ್ಟಿನ 7ನೇ ಪಿನ್ನಿನಲ್ಲಿ, ಕ್ಯಾನ್ 6 ಮತ್ತು 14ರಲ್ಲಿ. ಗಾಡಿಯ ಸಾಕೆಟ್ಟಿಗೆ ಟಾರ್ಚ್ ಹಿಡಿದರೆ ಯಾವ ಪಿನ್ನಿನಲ್ಲಿ ತಾಮ್ರದ ನಾಲಿಗೆ ಇದೆ ಎಂದು ಕಾಣುತ್ತದೆ. 6, 14 ಖಾಲಿ ಇದ್ದು 7ರಲ್ಲಿ ಮಾತ್ರ ಇದ್ದರೆ ಕೆ-ಲೈನ್ ಬೆಂಬಲ ಇದೆಯೇ ಎಂದು ಕೇಳಿಯೇ ಕೊಳ್ಳಿ, ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಐಫೋನ್ ಇರುವವರಿಗೆ ಸಾದಾ ಬ್ಲೂಟೂತ್ ಅಡಾಪ್ಟರ್ ಸೇರುವುದಿಲ್ಲ, ವೈಫೈ ಅಥವಾ ಬಿಎಲ್ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಇರುವುದು ಬೇಕು. ಫೋನಿಗೆ ಜೋಡಿಸುವಾಗ ಕೇಳುವ ಪಾಸ್‌ವರ್ಡ್ ಸಾಮಾನ್ಯವಾಗಿ 1234 ಅಥವಾ 0000. ಆ್ಯಪ್‌ಗೆ ಟಾರ್ಕ್ (ಆಂಡ್ರಾಯ್ಡ್‌ಗೆ ಮಾತ್ರ) ಅಥವಾ ಕಾರ್ ಸ್ಕ್ಯಾನರ್ ಸಾಕು.

ಈಗ ಅಸಲು ಕೆಲಸ. ಎಲ್ಲರೂ ಮೊದಲು ಇಸಿಯು ಬರೆದಿಟ್ಟ ದೋಷದ ಕೋಡ್ ಓದುತ್ತಾರೆ. ಪಿ0299 ಬಂದರೆ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಕಡಿಮೆ, ಪಿ0087 ಬಂದರೆ ರೇಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪ್) ಒತ್ತಡ ಕಡಿಮೆ. ಹಳೆಯ ಗಾಡಿಗಳಲ್ಲಿ ಪಿಕಪ್ ಅರ್ಧ ಹೋಗಿದ್ದರೂ ಕೋಡ್ ಬಾರದೇ ಇರಬಹುದು. ಬಂದರೂ ಪಿ0299 ಎಂದರೆ ಟರ್ಬೊ ಸತ್ತಿದೆ ಎಂದಲ್ಲ, ಗಾಳಿ ಹೋಸಿನ ನೂರಿನ್ನೂರು ರೂಪಾಯಿಯ ಕ್ಲಿಪ್ ಸಡಿಲವಾದರೂ ಅದೇ ಕೋಡ್. ಹಾಗಾಗಿ ಈ ಅಡಾಪ್ಟರಿನ ಬೆಲೆ ಇರುವುದು ಲೈವ್ ಡೇಟಾದಲ್ಲಿ, ಎಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಂಕಿಗಳಲ್ಲಿ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಏನು ತೋರಿಸುತ್ತದೆ ನೋಡಿ. ಎಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ 88ರ ಹತ್ತಿರ. ಐದಾರು ಅಂಕಿ ವ್ಯತ್ಯಾಸ ಬಂದರೆ ಸೆನ್ಸರ್ ಬಿಚ್ಚಿ ಮಸಿ ತೆಗೆಯುವ ತನಕ ಮುಂದಿನ ಯಾವ ಅಂಕಿಯನ್ನೂ ನಂಬಬೇಡಿ.

ನಂತರ ಮ್ಯಾಫ್, ಎಂದರೆ ಎಂಜಿನ್ ಎಳೆದುಕೊಳ್ಳುವ ಗಾಳಿಯ ತೂಕ. ಸ್ಕಾರ್ಪಿಯೊದ ಎಂಹಾಕ್, ಸಫಾರಿಯ 2.2 ಡೈಕಾರ್ ಎರಡೂ 2179 ಸಿಸಿ. ಎರಡು ಸುತ್ತಿಗೆ ಒಂದು ಸಲ ಸಿಲಿಂಡರ್‌ಗಳೆಲ್ಲ ತುಂಬುವ ಲೆಕ್ಕದಲ್ಲಿ, 800 ಆರ್‌ಪಿಎಂ ಐಡ್ಲಿಂಗಿಗೆ, ಬೆಂಗಳೂರಿನ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 13 ಗ್ರಾಂ ಬರಬೇಕು. ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ಮರಳಿಸುವ ವಾಲ್ವ್) ತೆರೆದಿದ್ದರೆ ಹೊಗೆ ಒಳಬಂದಷ್ಟು ಈ ಅಂಕಿ ಇಳಿಯುತ್ತದೆ, ಅದು ಸಹಜ. ಆದರೆ ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗಲೂ ಅಂಕಿ ಸರಸರನೆ ಏರದಿದ್ದರೆ ಇಜಿಆರ್ ಮಸಿ ಕಟ್ಟಿ ತೆರೆದೇ ಉಳಿದಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಮ್ಯಾಫ್ ಸೆನ್ಸರೇ ಕೊಳೆಯಾಗಿರಬಹುದು. ಸೆನ್ಸರ್ ತೊಳೆಯಲು ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ಯುರೇಟರ್ ಸ್ಪ್ರೇ ಹೊಡೆದರೆ ಒಳಗಿನ ಸೂಕ್ಷ್ಮ ತಂತಿ ಹಾಳಾಗುತ್ತದೆ.

ಈ ಎರಡನ್ನೂ ಜೊತೆಗಿಟ್ಟು ಓದುವಲ್ಲೇ ರೋಗ ಸಿಗುವುದು. ಏರು ದಾರಿಯಲ್ಲಿ ಮೂರನೇ ಗೇರಿನಲ್ಲಿ 2000ದಿಂದ 3000 ಆರ್‌ಪಿಎಂ ತನಕ ಪೂರ್ತಿ ಒತ್ತಿ. ಆ್ಯಪ್‌ನಲ್ಲಿ ರೆಕಾರ್ಡ್ ಆಗುತ್ತಿರಲಿ, ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರು ಫೋನ್ ಕಡೆ ಕಣ್ಣು ಹಾಯಿಸಬಾರದು. ಚೆನ್ನಾಗಿರುವ ಟರ್ಬೊ ಡೀಸೆಲ್‌ನಲ್ಲಿ ಮ್ಯಾಪ್ ಸಾಮಾನ್ಯವಾಗಿ 200 ದಾಟುತ್ತದೆ. ಮ್ಯಾಫ್ ಚೆನ್ನಾಗಿ ಏರಿ ಮ್ಯಾಪ್ ಮಾತ್ರ 150ರ ಹತ್ತಿರ ನಿಂತು, ಹಿಂದೆ ಕಪ್ಪು ಹೊಗೆ ಬಂದರೆ ಅಳೆದ ಗಾಳಿ ದಾರಿಯಲ್ಲಿ ಸೋರುತ್ತಿದೆ ಎಂದರ್ಥ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಗಾಳಿ ತಂಪು ಮಾಡುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳ ಕೆಳಭಾಗವನ್ನು ಕೈಯಿಂದ ಸವರಿ, ಆಯಿಲ್ ಜಿನುಗಿದ ಕಡೆ ಸೀಳು ಇರುತ್ತದೆ. ಮ್ಯಾಫ್, ಮ್ಯಾಪ್ ಎರಡೂ ಕಡಿಮೆ ಇದ್ದರೆ ಏರ್ ಫಿಲ್ಟರ್, ಇಜಿಆರ್, ಟರ್ಬೊದ ವೇನ್ (ಒಳಗಿನ ರೆಕ್ಕೆ), ಅದನ್ನಾಡಿಸುವ ಆಕ್ಚುಯೇಟರ್ ಈ ಕ್ರಮದಲ್ಲಿ ನೋಡಿ. ವ್ಯಾಕ್ಯೂಮ್‌ನಲ್ಲಿ ಕೆಲಸ ಮಾಡುವ ಆಕ್ಚುಯೇಟರ್ ಆಗಿದ್ದರೆ ಒಣಗಿ ಬಿರಿದ ಸಣ್ಣ ಪೈಪೊಂದೇ ಕಾರಣವಾಗಿರುವುದು ಅಪರೂಪವಲ್ಲ.

ಎರಡೂ ಸರಿ ಇದ್ದು, ಹೊಗೆಯೂ ಇಲ್ಲದೆ ಗಾಡಿ ಎಳೆಯದಿದ್ದರೆ ಡೀಸೆಲ್ ಕಡೆ ಹೊರಳಿ. ರೇಲ್ ಒತ್ತಡ ಐಡ್ಲಿಂಗ್‌ನಲ್ಲಿ 250ರಿಂದ 350 ಬಾರ್, ಪೂರ್ತಿ ಲೋಡಿನಲ್ಲಿ ಸಾವಿರಕ್ಕೂ ಬಹಳ ಮೇಲೆ. ಆ್ಯಪ್ ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸಿದರೆ ನೂರರಿಂದ ಭಾಗಿಸಿ. ಏರಿನಲ್ಲಿ ಈ ಅಂಕಿ ಕುಸಿದರೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಅದರ ತಳದ ನೀರು ಬಿಡಿ. ಆಮೇಲೂ ಕುಸಿದರೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ: ಉಳಿದ ಡೀಸೆಲ್ ಮರಳುವ ನಾಲ್ಕು ರಿಟರ್ನ್ ಪೈಪಿಗೆ ನಾಲ್ಕು ಒಂದೇ ಅಳತೆಯ ಬಾಟಲಿ, ಎರಡು ನಿಮಿಷ ಐಡ್ಲಿಂಗ್. ಒಂದು ಬಾಟಲಿ ಉಳಿದವುಗಳ ಎರಡು ಮೂರು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಎಂಜಿನ್ ಓಡುವಾಗ ಹೈಪ್ರೆಶರ್ ಪೈಪಿನ ನಟ್ ಮಾತ್ರ ಯಾವ ಕಾರಣಕ್ಕೂ ಸಡಿಲಿಸಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ರೇಲ್ ಒತ್ತಡವನ್ನು ಎಲ್ಲ ಹಳೆಯ ಇಸಿಯುಗಳೂ ಈ ಅಡಾಪ್ಟರಿಗೆ ಬಿಟ್ಟುಕೊಡುವುದಿಲ್ಲ, ಇದು ಅದರ ದೊಡ್ಡ ಕೊರತೆ.

ಪಿಕಪ್ ಸರಿ ಇದ್ದು ಮೈಲೇಜ್ ಮಾತ್ರ ಬಿದ್ದಿದ್ದರೆ ಕೂಲಂಟ್ ಶಾಖ ನೋಡಿ. ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೂ 65–70 ಡಿಗ್ರಿಯಲ್ಲೇ ಉಳಿದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ತಡೆಯುವ ವಾಲ್ವ್) ತೆರೆದೇ ನಿಂತಿದೆ. ಡ್ಯಾಶ್‌ಬೋರ್ಡಿನ ಮುಳ್ಳು ಇದನ್ನು ಸ್ಪಷ್ಟವಾಗಿ ತೋರಿಸದು, ಈ ಪರೀಕ್ಷೆ ಒಂದಕ್ಕೇ ಅಡಾಪ್ಟರಿನ ದುಡ್ಡು ವಸೂಲಾಗುತ್ತದೆ. ಕ್ಲಚ್ ಜಾರುವುದನ್ನೂ ಹಿಡಿಯಬಹುದು. ನಾಲ್ಕನೇ ಗೇರಿನಲ್ಲಿ 50 ಕಿಲೋಮೀಟರ್ ವೇಗಕ್ಕೆ ಸಮತಟ್ಟು ರಸ್ತೆಯಲ್ಲಿ ಎಷ್ಟು ಆರ್‌ಪಿಎಂ ಇದೆಯೋ ಏರಿನಲ್ಲೂ ಅಷ್ಟೇ ಇರಬೇಕು. ನೂರಿನ್ನೂರು ಹೆಚ್ಚಾದರೆ ಕ್ಲಚ್ ಪ್ಲೇಟ್ ಸುಡಲು ಡೀಸೆಲ್ ಹೋಗುತ್ತಿದೆ.

ಹಿಡಿದುಕೊಂಡ ಬ್ರೇಕ್, ಗಾಳಿ ಕಡಿಮೆಯಾದ ಟೈರ್, ತಪ್ಪಿದ ಅಲೈನ್‌ಮೆಂಟ್ ಈ ಅಡಾಪ್ಟರಿಗೆ ಕಾಣುವುದಿಲ್ಲ. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಡಿದು ಎಡ ಬಲ ಹೋಲಿಸುವುದೇ ದಾರಿ. ಡಿಸ್ಕ್ ಮುಟ್ಟಬೇಡಿ. ಇನ್ನು ಆ್ಯಪ್ ತೋರಿಸುವ ಮೈಲೇಜನ್ನು ಡೀಸೆಲ್ ಗಾಡಿಯಲ್ಲಿ ನಂಬಲೇಬೇಡಿ. ಅದು ಗಾಳಿಯ ತೂಕವನ್ನು 14.7ರಂಥ ಸ್ಥಿರ ಅನುಪಾತದಿಂದ ಭಾಗಿಸಿ ಇಂಧನ ಲೆಕ್ಕ ಹಾಕುತ್ತದೆ. ಪೆಟ್ರೋಲಿಗೆ ಅದು ಹೊಂದುತ್ತದೆ, ಡೀಸೆಲ್ ಎಂಜಿನ್ ಯಾವಾಗಲೂ ಹೆಚ್ಚುವರಿ ಗಾಳಿಯಲ್ಲೇ ಉರಿಯುವುದು. ಒಂದೇ ಬಂಕಿನಲ್ಲಿ, ನಾಝಲ್ ತಾನಾಗಿ ಕಟ್ ಆಗುವ ತನಕ ತುಂಬಿಸಿ, ಮೂರು ಸಲ ಫುಲ್ ಟ್ಯಾಂಕ್ ಲೆಕ್ಕ ತೆಗೆಯಿರಿ.

ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟ್ ಕೀ ಆಫ್ ಆದರೂ ಬರುತ್ತಲೇ ಇರುತ್ತದೆ, ವಾರಗಟ್ಟಲೆ ನಿಂತ ಗಾಡಿಯ ಹಳೆಯ ಬ್ಯಾಟರಿಯನ್ನು ಇಳಿಸಲು ಅಷ್ಟು ಸಾಕು.