4 ಮೀಟರ್ ಟಾರ್ಪಾಲ್ ಮೀನು ತೊಟ್ಟಿ ಕಿಟ್: ಶೀಟ್ ಗಟ್ಟಿ, ತಳ ಮತ್ತು ಅಂಚಿನ ಕೆಲಸ ನಿಮ್ಮದೇ

ಬಯೋಫ್ಲಾಕ್ (ನೀರಿನ ಕಸವನ್ನು ಸೂಕ್ಷ್ಮಜೀವಿಗಳಿಂದ ಮೀನಿನ ಆಹಾರವಾಗಿಸುವ) ಮೀನು ಸಾಕಣೆಗೆಂದು ಮಾರುವ 4 ಮೀಟರ್ ಅಗಲದ ದುಂಡು ತೊಟ್ಟಿಯ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸುತ್ತ ನಿಲ್ಲಿಸಲು ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಜಾಲರಿ), ಅದರ ಒಳಮೈಗೆ ಫೋಮ್ ಹಾಳೆ, ಬಿಸಿ ಬೆಸುಗೆ ಹಾಕಿದ ಪಿವಿಸಿ ಟಾರ್ಪಾಲ್, ನಡುವಿನ ಔಟ್‌ಲೆಟ್‌ಗೆ ಫ್ಲ್ಯಾಂಜ್ (ಶೀಟನ್ನು ಪೈಪಿಗೆ ಬೋಲ್ಟಿನಿಂದ ಬಿಗಿಯುವ ಬಿಲ್ಲೆ). 550 ಮತ್ತು 650 ಜಿಎಸ್‌ಎಂ (ಒಂದು ಚದರ ಮೀಟರ್ ಶೀಟಿನ ತೂಕ, ಗ್ರಾಂನಲ್ಲಿ) ಎರಡೂ ಸಿಗುತ್ತಿದ್ದರೆ 650 ತೆಗೆದುಕೊಳ್ಳಿ. ಆದರೆ ಇಂಥ ತೊಟ್ಟಿ ಸೋರಿದಾಗ ಶೀಟನ್ನು ಬೈಯುವ ಮೊದಲು ಅದರ ಕೆಳಗಿನ ನೆಲ ನೋಡಬೇಕು. 1 ಮೀಟರ್ ನೀರು ನಿಂತರೆ ಸುಮಾರು ಹನ್ನೆರಡೂವರೆ ಟನ್ ಭಾರ. ಅದನ್ನು ಹೊರಬೇಕಾದದ್ದು ನೆಲ ಮತ್ತು ಮೆಶ್. ಹಿಂದೆ ಆಸರೆ ಇಲ್ಲದ ಕಡೆ ಶೀಟೇ ಭಾರ ಹೊರಲು ಹೋಗಿ ಹರಿಯುತ್ತದೆ.

ತೊಟ್ಟಿಯ ಅಂಚಿನಿಂದ ಆಚೆಗೂ ಒಂದೂವರೆ ಅಡಿ ನೆಲ ಸಿದ್ಧವಾಗಬೇಕು. ಹುಲ್ಲನ್ನು ಕೆತ್ತಿದರೆ ಸಾಲದು. ಜೇಕಿನ ಗಡ್ಡೆ ಒಂದು ಉಳಿದರೂ ಅದರ ಮೊಳಕೆ ಸೂಜಿಯಂತೆ ಶೀಟಿಗೆ ಚುಚ್ಚುತ್ತದೆ, ಅಗೆದು ತೆಗೆಯಿರಿ. ಎರೆಮಣ್ಣಿನ ಹೊಲವಾದರೆ ಮೇಲಿನ ಒಂದು ಅಡಿ ತೆಗೆದು ಗರಸು ತುಂಬಿಸಿ ಧಮ್ಮಸ್ ಮಾಡಿ, ಇಲ್ಲವಾದರೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ನೆಲ ತಳವನ್ನು ಅಲುಗಿಸುತ್ತಲೇ ಇರುತ್ತದೆ. ಮೆಶ್ ನಿಲ್ಲುವ ಸುತ್ತನ್ನು ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ಸಮ ಮಾಡಿ. ಒಳಗಿನ ತಳ ಮಾತ್ರ ನಡುವಿಗೆ 10ರಿಂದ 15 ಸೆಂಟಿಮೀಟರ್ ಇಳಿಜಾರಾಗಿರಲಿ, ಕಸ ಔಟ್‌ಲೆಟ್ ಕಡೆ ಜಾರಲು.

ಅನೇಕ ತೊಟ್ಟಿಗಳು ಕೆಡುವುದು ಔಟ್‌ಲೆಟ್ ಪೈಪಿನ ಕಾಲುವೆಯಿಂದ. ಪೈಪ್ ಇಟ್ಟು ಸಡಿಲ ಮಣ್ಣು ಎಳೆದು ಮುಚ್ಚಿದರೆ, ನೀರು ತುಂಬಿದ ಮೇಲೆ ಆ ಪಟ್ಟಿಯಷ್ಟೇ ಕುಸಿಯುತ್ತದೆ. ಫ್ಲ್ಯಾಂಜ್ ಪೈಪಿನ ಮೇಲೆ ಅಲ್ಲೇ ನಿಂತಿರುತ್ತದೆ, ಶೀಟ್ ಅದಕ್ಕೆ ಜೋತುಬಿದ್ದು ಬೋಲ್ಟಿನ ತೂತಿನಿಂದ ಸೀಳಲು ಶುರುವಾಗುತ್ತದೆ. ಆದ್ದರಿಂದ ನಾಲ್ಕು ಇಂಚಿಗೊಂದು ಪದರದಂತೆ ಮಣ್ಣು ಹಾಕಿ, ನೀರು ಚಿಮುಕಿಸಿ ಗುದ್ದಿ. ಎರಡು ದಿನ ಬಿಟ್ಟು ನೋಡಿ, ತಗ್ಗಿದ್ದರೆ ಮತ್ತೆ ತುಂಬಿ.

ಇದರ ಮೇಲೆ 2 ಇಂಚು ಜರಡಿ ಹಿಡಿದ ಮರಳು. ಸುಮಾರು 22 ಘನ ಅಡಿ ಬೇಕು. ಎಂ-ಸ್ಯಾಂಡ್ ಬೇಡ, ಅದರ ಕಾಳು ಒರಟು. ಗಿಲಾವಿಗೆ ಬಳಸುವ ನುಣುಪಾದ ಪಿ-ಸ್ಯಾಂಡ್ ತನ್ನಿ.

ಮೆಶ್ ನಿಲ್ಲಿಸುವಾಗ ಎರಡು ತುದಿಗಳು ಕನಿಷ್ಠ ಒಂದು ಅಡಿ ಒಂದರ ಮೇಲೊಂದು ಬರಲಿ. ತಳದ ಒಂದು ಅಡಿ ಪಟ್ಟಿಯನ್ನೇ ಸುಮಾರು ಅರ್ಧ ಟನ್ ಬಲ ಎಳೆಯುತ್ತಿರುತ್ತದೆ. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಟೈಗಳು ಬಿಸಿಲಿಗೆ ಪುಡಿಯಾಗುತ್ತವೆ, ಜೋಡಣೆಗೆ ಅವನ್ನು ನೆಚ್ಚಬೇಡಿ. ದಪ್ಪ ಜಿಐ ತಂತಿಯಲ್ಲಿ ಕಟ್ಟಿ, ಗಂಟಿನ ತುದಿಗಳನ್ನೆಲ್ಲ ಹೊರಕ್ಕೆ ಮಡಚಿ. ಮೇಲಂಚಿನ ಕತ್ತರಿಸಿದ ತಂತಿತುದಿಗಳ ಮೇಲೆ ಉದ್ದಕ್ಕೆ ಸೀಳಿದ ಹೋಸ್ ಪೈಪ್ ತೊಡಿಸಿ; 13 ಮೀಟರ್ ಸಾಕು. ಕಿಟ್‌ನವರು ಇದನ್ನು ಕೊಡದಿರುವುದು ನನ್ನ ಪ್ರಕಾರ ದೊಡ್ಡ ಕೊರತೆ.

ಗೋಡೆಯೂ ತಳವೂ ಸೇರುವ ಮೂಲೆ ಇನ್ನೂ ಮುಖ್ಯ. ಫೋಮ್ ಹಾಳೆಯನ್ನು ನೆಲದ ಮೇಲೂ ಒಂದು ಅಡಿ ಒಳಕ್ಕೆ ತಿರುಗಿಸಿ, ಅದರ ಮೇಲೆ ಸುತ್ತಲೂ 6 ಇಂಚು ಎತ್ತರ, 6 ಇಂಚು ಅಗಲದ ಇಳಿಜಾರು ಒಡ್ಡನ್ನು ಒದ್ದೆ ಮರಳಲ್ಲಿ ಕೈಯಿಂದ ಒತ್ತಿ ಕಟ್ಟಿ. ಸುಮಾರು 5 ಘನ ಅಡಿ ಮರಳು ಹಿಡಿಯುತ್ತದೆ. ಫೋಮ್ ಇಲ್ಲದೆ ಬರೀ ಮರಳಿಟ್ಟರೆ ಅದು ಮೆಶ್ ಕಿಂಡಿಯಿಂದ ಮಳೆನೀರಿಗೆ ಕೊಚ್ಚಿಹೋಗಿ ಶೀಟ್ ಹೊರಕ್ಕೆ ಉಬ್ಬುತ್ತದೆ. ಹೆಗ್ಗಣದ ಕಾಟ ಇರುವ ಕಡೆ ಒಡ್ಡಿಗೆ 1:5 ಸಿಮೆಂಟ್ ಗಾರೆಯೇ ಸರಿ, ಆದರೆ ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ ಅದರ ಮೇಲೆ ಇನ್ನೊಂದು ಪದರ ಫೋಮ್ ಹಾಸಬೇಕು.

ಶೀಟನ್ನು ಬಿಸಿಲಲ್ಲಿ ಹರಡಿ ಮೆತ್ತಗಾದ ಮೇಲೆ ಇಳಿಸಿ. ಶೀಟಿನ ಮೇಲಂಚನ್ನು ಮೆಶ್‌ಗೆ ಕಟ್ಟುವ ಹಗ್ಗ ಸಡಿಲವಿರಲಿ. 2 ಇಂಚು ನೀರು ಬಿಟ್ಟು, ಬರಿಗಾಲಲ್ಲಿ ನಡುವಿನಿಂದ ಹೊರಕ್ಕೆ ಸುಕ್ಕು ತಳ್ಳಿ. ನಂತರ ನೀರು ತೆಗೆದು ಔಟ್‌ಲೆಟ್ ತೂತನ್ನು ದುಂಡಗೆ ಕತ್ತರಿಸಿ. ಪ್ಲಸ್ ಆಕಾರದಲ್ಲಿ ಕೊಯ್ದರೆ ಮೂಲೆಗಳಿಂದ ಸೀಳು ಓಡುತ್ತದೆ. ಶೀಟಿನ ಮೇಲೂ ಕೆಳಗೂ ರಬ್ಬರ್ ವಾಷರ್ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಅರ್ಧ ನೀರು ತುಂಬಿದ ಮೇಲೆ ಹಗ್ಗ ಎಳೆದು ಕಟ್ಟಿ.

ಕೊಳ್ಳುವ ಮುನ್ನ ಅಂಗಡಿಯವರಲ್ಲಿ ಶೀಟಿನ ಸುತ್ತಳತೆ ಮತ್ತು ಮೆಶ್‌ನ ಉದ್ದ ಎರಡನ್ನೂ ಟೇಪ್ ಹಿಡಿದು ಅಳೆಸಿ. ಮೆಶ್ ನಿಂತ ಮೇಲಿನ ಒಳಸುತ್ತಿಗಿಂತ ಶೀಟ್ ಕೆಲವು ಇಂಚು ದೊಡ್ಡದಿರಲೇಬೇಕು. ಚಿಕ್ಕದಿದ್ದರೆ ಅದು ಮೆಶ್‌ಗೆ ಒರಗುವುದೇ ಇಲ್ಲ, ಅಂಥ ಕಿಟ್ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.