ಗೇರ್ ಲಿವರ್ ಸಡಿಲವಾಯಿತೆಂದು ಗೇರ್‌ಬಾಕ್ಸ್ ಬಿಚ್ಚಿಸಬೇಡಿ

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನಗಾದದ್ದು ನಿಮಗಾಗುವುದು ಬೇಡ.

ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1989ರಿಂದ 1997ರವರೆಗೆ ತಯಾರಾದ ಎರಡು ಸೀಟಿನ ಗಾಡಿ. ಗೇರ್ ಬಿದ್ದ ಮೇಲೂ ಲಿವರ್ ಬೀಳಲಿರುವ ಹಾಲುಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಓಡಿಸುವಾಗ ಕಟಕಟ ಸದ್ದು ಬೇರೆ. ಕೈ ಇಟ್ಟರೆ ಸದ್ದು ನಿಲ್ಲುತ್ತಿತ್ತು. ತೊಂದರೆ ಲಿವರ್‌ನ ಬುಡದಲ್ಲಿದೆ ಎನ್ನುವುದಕ್ಕೆ ಅದೇ ಸುಳಿವು, ಆಗ ನನಗೆ ಹೊಳೆಯಲಿಲ್ಲ.

ಗ್ಯಾರೇಜಿನವರು ಲಿವರನ್ನು ಎರಡು ಸಲ ಅಲ್ಲಾಡಿಸಿ, "ಗೇರ್‌ಬಾಕ್ಸ್ ಹೋಗಿದೆ ಸಾರ್, ಬಿಚ್ಚಲೇಬೇಕು" ಅಂದರು. ನಂಬಿದೆ. ಸಿಂಕ್ರೊ ರಿಂಗ್ (ಗೇರ್ ಬದಲಿಸುವಾಗ ಹಲ್ಲುಚಕ್ರಗಳ ವೇಗ ಹೊಂದಿಸುವ ಬಳೆ), ಬೇರಿಂಗ್ ಎಲ್ಲ ಹೊಸದು ಹಾಕಿ ಗಾಡಿ ಕೊಡಲು ಎರಡು ತಿಂಗಳು ಹಿಡಿಯಿತು. ಹತ್ತಿ ಕೂತು ಲಿವರ್ ಹಿಡಿದೆ. ಅದೇ ಅಲುಗಾಟ!

ಕೊನೆಗೆ ನಾನೇ ಲಿವರ್ ಸುತ್ತಲಿನ ಕನ್ಸೋಲ್ ತೆಗೆದೆ. ಕೆಳಗಿನ ರಬ್ಬರ್ ಬೂಟ್ (ಲಿವರ್ ಬುಡಕ್ಕೆ ಹಾಕುವ ಹೊದಿಕೆ) ಸುತ್ತಲೂ ಹರಿದಿತ್ತು. ಲಿವರ್ ಮೇಲೆತ್ತಿದಾಗ ಅದರ ತುದಿಯ ನೈಲಾನ್ ಬುಷ್ (ಸಡಿಲವಾಗದಂತೆ ತೊಡಿಸುವ ಪುಟ್ಟ ಬಳೆ) ಬೆರಳಿಗೆ ಚೂರುಚೂರಾಗಿ ಬಂತು, ಕತ್ತರಿಸಿದ ಉಗುರಿನಷ್ಟು ತೆಳು. ಲಿವರ್ ಕೂರುವ ಗುಂಡಿಯಲ್ಲಿ ಆಯಿಲ್ ಇರಬೇಕು, ಹೆಚ್ಚುಕಡಿಮೆ ಒಣಗಿತ್ತು. ಬುಷ್, ಬೂಟ್ ಬದಲಿಸಿ ಆಯಿಲ್ ಹಾಕಿದೆ, ಒಂದು ಮಧ್ಯಾಹ್ನದ ಕೆಲಸ. ನನಗೆ ಇವತ್ತಿಗೂ ಸಿಟ್ಟು ಬರುವುದು ಒಂದೇ ಮಾತಿಗೆ: ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಲಿವರ್ ಕಳಚಲೇಬೇಕು. ಆ ಬುಷ್ ಅವರ ಕಣ್ಣೆದುರಿಗೇ ಇತ್ತು.

ಹಾಗಾಗಿ ಮೊದಲು ಸಡಿಲ ಎಲ್ಲಿದೆ ಎಂದು ನೋಡಿಸಿ. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ಲಿವರ್ ಆಡಿಸಿ. ಲಿವರ್ ದೂರ ಹೋಗಿಬಂದರೂ ಗೇರ್‌ಬಾಕ್ಸ್ ಕಡೆಯ ರಾಡ್ ಅಲುಗದಿದ್ದರೆ ದೋಷ ನಡುವಿನ ಬುಷ್‌ನಲ್ಲೋ ಜಾಯಿಂಟ್‌ನಲ್ಲೋ ಇದೆ. ಹಳೇ ಪೋರ್ಷೆ 911ರಂಥ ಗಾಡಿಯಲ್ಲಿ ಗೇರ್‌ಬಾಕ್ಸ್ ಹಿಂದಿರುವುದರಿಂದ ಲಿವರ್‌ನಿಂದ ಅಲ್ಲಿಯವರೆಗೆ ಉದ್ದನೆಯ ರಾಡ್ ಹೋಗುತ್ತದೆ, ನಡುವೆ ಅದನ್ನು ಜೋಡಿಸುವ ಕಪ್ಲರ್ ಇರುತ್ತದೆ. ಅಲ್ಲಿ ಒಬ್ಬರು ಲಿವರ್ ಆಡಿಸುತ್ತಿರಬೇಕು, ಇನ್ನೊಬ್ಬರು ಒಂದೊಂದೇ ಜಾಯಿಂಟ್ ನೋಡುತ್ತ ಹೋಗಬೇಕು.

ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಹಿಂದೆಮುಂದೆ ಸರಿದರೆ ಎಂಜಿನ್, ಗೇರ್‌ಬಾಕ್ಸ್ ಹಿಡಿದಿಡುವ ಮೌಂಟಿಂಗ್ ನೋಡಿಸಿ. ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್ ಆನ್ ಮಾಡಿದಾಗ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಪರೀಕ್ಷಿಸಿ. ಸಿಂಕ್ರೊ ಸವೆದರೆ ಗೇರ್ ಬದಲಿಸುವಾಗ ಕರಕರ ಅನ್ನುತ್ತದೆ, ಅದರಿಂದ ಲಿವರ್ ಜೋಲಾಡುವುದಿಲ್ಲ. ಈ ವ್ಯತ್ಯಾಸ ಗೊತ್ತಿದ್ದಿದ್ದರೆ ನಾನು ಒಪ್ಪಿಗೆಯನ್ನೇ ಕೊಡುತ್ತಿರಲಿಲ್ಲ.

ಗೇರ್‌ಬಾಕ್ಸ್ ಬಿಚ್ಚಿಸಲೇಬೇಕಾಗಿ ಬಂದರೆ, ತೆಗೆದ ಹಳೇ ರಿಂಗ್‌ಗಳನ್ನು ಕೇಳಿ ಇಸಿದುಕೊಳ್ಳಿ. ನಾನು ಕೇಳಲಿಲ್ಲ. ಅವು ನಿಜಕ್ಕೂ ಸವೆದಿದ್ದವೇ ಎಂದು ನೋಡುವುದಕ್ಕೆ ಈಗ ನನ್ನ ಹತ್ತಿರ ಏನೂ ಇಲ್ಲ.